ಗಾಜೋ? ಗುಂಡಿಯೋ?

ಕಳೆದ ಜೂನ್ ತಿಂಗಳಲ್ಲಿ ನಮ್ಮ ತಾಯಿಯವರು ಯಲ್ಲದಕೆರೆಯಿಂದ ಉಡುಪಿಯ ನಮ್ಮ ಮನೆಗೆ ಬಂದಿದ್ದರು. ಹಿರಿಯೂರು ತಾಲ್ಲೂಕಿನ ಒಣನೆಲದಲ್ಲಿ ಬಾಳಿ ಬದುಕಿದ ಅವರಿಗೆ ಕರಾವಳಿಯ ಮಳೆ ಮೊದಲೆರಡು ದಿನ ವಿನೋದವಾಗಿಯೂ, ಮೂರನೆಯ ದಿನದಿಂದ ಉಪದ್ರವವಾಗಿಯೂ ಕಂಡಿತು. ಆದರೆ ಮಳೆಗಿಂತ ಹೆಚ್ಚಾಗಿ ಅವರನ್ನು ಪೀಡಿಸಿದ್ದು ನಮ್ಮ ಅಡಿಗೆಮನೆಯ ಇಂಡಕ್ಷನ್ ಒಲೆ. ಅದರ ಮೈಯೆಲ್ಲ ನುಣುಪಾದ ಕಪ್ಪು ಗಾಜು. ಒತ್ತಲು ಗುಂಡಿಯಿಲ್ಲ, ತಿರುಗಿಸಲು ಕಿವಿಯಿಲ್ಲ. ಗಾಜಿನ ಮೇಲೆ ಬೆಳಗುವ ಚಿಹ್ನೆಯನ್ನು ಬೆರಳಿನಿಂದ ಮುಟ್ಟಬೇಕು, ಅಷ್ಟೆ. ಅಮ್ಮ ಅಕ್ಕಿ ತೊಳೆದ ಕೈಯಿಂದಲೇ ಮುಟ್ಟುವರು, ಒಲೆ ಓಗೊಡದು. ಒಂದು ಬೆಳಿಗ್ಗೆ ಹಾಲು ಉಕ್ಕಿ ಗಾಜಿನ ಮೇಲೆಲ್ಲ ಹರಿದಾಗ, ಯಾರೂ ಮುಟ್ಟದೆಯೇ ಅದು ಕೀಚು ಕೀಚೆಂದು ಕೂಗಿ ತಾನಾಗಿ ಆರಿಹೋಯಿತು.

“ಇದನ್ನ ಮುಟ್ಟಬೇಕಾದ್ರೆ ಕೈ ತೊಳ್ಕಂಡು, ಒರೆಸ್ಕಂಡು ಬರಬೇಕೇನೋ? ದೇವರ ಪೆಟ್ಟಿಗೆ ಮುಟ್ಟಿದಂಗಾಯ್ತಲ್ಲ! ನಮ್ಮ ತೋಟದ ಪಂಪಿನ ಸ್ಟಾರ್ಟ್ರೇ ವಾಸಿ” ಎಂದು ಅಮ್ಮ ತೀರ್ಪಿತ್ತರು.

ಅದೇ ದಿನ ಸಂಜೆ ನನ್ನ ಹಳೆಯ ಶಿಷ್ಯನೊಬ್ಬ ಕೊಡೆಯಿಂದ ನೀರು ಸುರಿಸುತ್ತ ಬಾಗಿಲಲ್ಲಿ ನಿಂತ. ಬಿ.ಎ. ಮುಗಿಸಿ, ಎರಡು ವರ್ಷ ಕೆಲಸಕ್ಕಾಗಿ ಅಲೆದು, ಕೊನೆಗೆ ತಂದೆಯ ಬೋಟನ್ನೇ ಏರಿದ ಹುಡುಗ. ತಂದೆ ಮಲ್ಪೆಯ ಆಳಸಮುದ್ರದ ಟ್ರಾಲ್ ಬೋಟೊಂದರ ತಾಂಡೇಲರು, ಎಂದರೆ ಬೋಟು ನಡೆಸುವವರು. ಅದರಲ್ಲಿ ಅವರದೂ ಒಂದು ಪಾಲುಂಟು. ಹುಡುಗನ ಕೈಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಜೋಪಾನ ಮಾಡಿದ ಎರಡು ಬಣ್ಣದ ಕೈಪಿಡಿಗಳಿದ್ದವು.

“ಸರ್, ನಮ್ಮ ಫಿಶ್ ಫೈಂಡರ್ ಹಾಳಾಗಿದೆ. ಹೊಸತು ಕೊಳ್ಳಬೇಕು. ನಾನು ಟಚ್ ಸ್ಕ್ರೀನಿನದು ಎನ್ನುತ್ತೇನೆ; ಅಪ್ಪ ಗುಂಡಿಯದೇ ಬೇಕೆನ್ನುತ್ತಾರೆ. ಇಂಗ್ಲಿಷಿನಲ್ಲಿರುವ ಇದನ್ನು ನೀವು ಓದಿ ಹೇಳಿದರೆ ಅಪ್ಪ ನಂಬುತ್ತಾರೆ” ಎಂದ.

ಕನ್ನಡ ಎಂ.ಎ. ಪದವೀಧರನೊಬ್ಬ ಮೀನು ಹುಡುಕುವ ಯಂತ್ರದ ಪಂಚಾಯಿತಿಗೆ ಕುಳಿತ ಕಥೆ ಇದು. ಒಳಗಿನಿಂದ ಅಮ್ಮ ಈ ಸಂಭಾಷಣೆಯನ್ನು ಕೇಳಿ ನಕ್ಕದ್ದು ನನಗೆ ಕೇಳಿಸಿತು.

ನನ್ನ ಅರ್ಹತೆಯನ್ನು ಮೊದಲೇ ನಿವೇದಿಸಿಬಿಡುವುದು ಲೇಸು. ನಾನು ಹುಟ್ಟಿದ ಊರು ಹೆಸರಿನಲ್ಲಿ ಕೆರೆಯನ್ನು ಹೊತ್ತಿದ್ದರೂ ತುಂಬು ನೀರನ್ನು ಕಂಡು ಹಿಗ್ಗುವ ಭಾಗ್ಯ ಆ ಸೀಮೆಯವರಿಗೆ ಅಪರೂಪ. ನಮ್ಮ ಪಾಲಿಗೆ ಸಮುದ್ರವೆಂದರೆ ಮಾರಿಕಣಿವೆ. ವೇದಾವತಿ ನದಿಗೆ ಅಡ್ಡಲಾಗಿ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ಆ ವಾಣಿವಿಲಾಸ ಸಾಗರ 1933ರಲ್ಲಿ ತುಂಬಿ ಕೋಡಿ ಹರಿದದ್ದನ್ನು ಹಿರಿಯರು ಪುರಾಣದಂತೆ ಹೇಳುತ್ತಿದ್ದರು. ಅದು ಮತ್ತೆ ಕೋಡಿ ಹರಿದದ್ದು 2022ರಲ್ಲಿ, 89 ವರ್ಷಗಳ ಮೇಲೆ. ಆ ವರ್ಷ ನಾವೂ ಸಂಸಾರಸಮೇತ ಹೋಗಿ ನೋಡಿ ಬಂದೆವು. ಅಲ್ಲಿ ಹರಿಗೋಲಿನಲ್ಲಿ ಕುಳಿತು ಬಲೆ ಬಿಡುವವರನ್ನು ದಡದಿಂದ ಕಂಡದ್ದೇ ನನ್ನ ಮತ್ಸ್ಯಶಾಸ್ತ್ರದ ಒಟ್ಟು ಮೊತ್ತ. ಆದರೆ ಗುರುವೆನಿಸಿಕೊಂಡವನು ಶಿಷ್ಯನೆದುರಿಗೆ ‘ನನಗೆ ತಿಳಿಯದು’ ಎನ್ನುವುದುಂಟೆ? ಕೈಪಿಡಿಗಳನ್ನು ತೆಗೆದುಕೊಂಡು ಆ ರಾತ್ರಿ ಹನ್ನೆರಡರವರೆಗೆ ಓದಿದೆ.

ನೀರಿನೊಳಗಿನ ಓಗುಡುವಿಕೆ

ಬಾವಿಕಟ್ಟೆಯ ಮೇಲೆ ಬಗ್ಗಿ ‘ಓ’ ಎಂದು ಕೂಗಿದವರಿಗೆಲ್ಲ ಈ ಯಂತ್ರದ ತತ್ತ್ವ ಗೊತ್ತೇ ಇದೆ. ಕೂಗು ತಳವನ್ನು ಮುಟ್ಟಿ ಮರಳಿ ಬರುತ್ತದೆ. ಬೋಟಿನ ಅಡಿಯಲ್ಲಿ ಕೂರಿಸಿದ ಒಂದು ಬಿಲ್ಲೆ ಕ್ಷಣಕ್ಷಣಕ್ಕೂ ನೀರಿನೊಳಕ್ಕೆ ಇಂಥ ಕೂಗನ್ನು ಕಳುಹಿಸುತ್ತದೆ. ಮನುಷ್ಯನ ಕಿವಿಗೆ ನಿಲುಕದಷ್ಟು ಕೀಚಲಾದ ಕೂಗು. ನಮ್ಮ ಕಿವಿ ಸೆಕೆಂಡಿಗೆ 20 ಸಾವಿರ ಕಂಪನಗಳಾಚೆಗೆ ಏನನ್ನೂ ಕೇಳದು. ಈ ಯಂತ್ರಗಳು ಸಾಮಾನ್ಯವಾಗಿ 50 ಸಾವಿರ ಮತ್ತು 2 ಲಕ್ಷ ಕಂಪನಗಳಲ್ಲಿ ಕೆಲಸ ಮಾಡುತ್ತವೆ. ಮೊದಲನೆಯದು ಆಳಕ್ಕೆ ಇಳಿಯುತ್ತದೆ. ಎರಡನೆಯದು ಆಳಕ್ಕೆ ಹೋಗದಿದ್ದರೂ ಸೂಕ್ಷ್ಮವಾಗಿ ಕಾಣಿಸುತ್ತದೆ. ಸಮುದ್ರದ ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್, ಗಾಳಿಯಲ್ಲಿರುವುದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು. ಹೋದ ಕೂಗು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಮರಳಿತೆಂದರೆ ತಳ 75 ಮೀಟರ್ ಕೆಳಗಿದೆಯೆಂದು ಲೆಕ್ಕ. ನಡುವೆ ಮೀನಿನ ಗುಂಪಿದ್ದರೆ ಅದೂ ಓಗುಡುತ್ತದೆ. ಬಹುಪಾಲು ಮೀನುಗಳ ಹೊಟ್ಟೆಯೊಳಗೆ ತೇಲಲು ನೆರವಾಗುವ ಒಂದು ಗಾಳಿಚೀಲವುಂಟು. ಶಬ್ದವನ್ನು ಬಲವಾಗಿ ಹಿಂದಿರುಗಿಸುವುದು ಮೀನಿನ ಮಾಂಸಕ್ಕಿಂತ ಹೆಚ್ಚಾಗಿ ಆ ಗಾಳಿಯೇ.

1912ರಲ್ಲಿ ಟೈಟಾನಿಕ್ ಹಡಗು ನೀರ್ಗಲ್ಲಿಗೆ ಬಡಿದು ಮುಳುಗಿದ ಮೇಲೆ ಕತ್ತಲಲ್ಲಿ ಅಡ್ಡಿಗಳನ್ನು ಕಂಡುಹಿಡಿಯುವ ಉಪಾಯಕ್ಕಾಗಿ ಜಗತ್ತೇ ಹಂಬಲಿಸಿತು. 1914ರಲ್ಲಿ ಫೆಸೆಂಡೆನ್ ಎಂಬ ವಿಜ್ಞಾನಿ ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ ನೀರ್ಗಲ್ಲೊಂದರ ಪ್ರತಿಧ್ವನಿಯನ್ನು ಹಿಡಿದು ತೋರಿಸಿದ. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಲಾಂಜೆವಿನ್ ಇದನ್ನು ಜಲಾಂತರ್ಗಾಮಿಗಳ ಬೇಟೆಗೆ ಹದಗೊಳಿಸಿದ. ಮೀನುಗಾರನ ಕೈಗೆ ಇದನ್ನು ತಲುಪಿಸಿದವರು ಜಪಾನಿನ ನಾಗಾಸಾಕಿ ಪ್ರಾಂತದ ಫುರುನೋ ಸಹೋದರರು, 1948ರಲ್ಲಿ. ಮೀನಿನ ಗುಂಪಿರುವಲ್ಲಿ ಗುಳ್ಳೆಗಳೇಳುತ್ತವೆಂದು ಅನುಭವಿ ಮೀನುಗಾರನೊಬ್ಬ ಆಡಿದ ಮಾತು ಅವರಿಗೆ ದಾರಿ ತೋರಿತಂತೆ. ಅಣುಬಾಂಬು ಬಿದ್ದು ಮೂರು ವರ್ಷ ಕಳೆದಿದ್ದ ನಾಡಿನಿಂದ ಇಂಥದೊಂದು ಉಪಕಾರ ಹೊರಟಿತೆಂಬುದನ್ನು ಯೋಚಿಸಿದಾಗ ನನಗೆ ಕೈಪಿಡಿಯನ್ನು ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕೆನಿಸಿತು.

ಮಲ್ಪೆಯ ದಕ್ಕೆಯಲ್ಲಿ ಈ ಯಂತ್ರವನ್ನು ಯಾರೂ ಆಟಿಗೆಯೆಂದು ಎಣಿಸುವುದಿಲ್ಲ. 2018ರ ಡಿಸೆಂಬರಿನಲ್ಲಿ ಏಳು ಮಂದಿಯೊಡನೆ ಹೊರಟ ‘ಸುವರ್ಣ ತ್ರಿಭುಜ’ ಬೋಟು ಮರಳಲಿಲ್ಲ. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದಾಚೆ ಸಮುದ್ರತಳದಲ್ಲಿ ಅದರ ಅವಶೇಷವನ್ನು ನೌಕಾಪಡೆ ಪತ್ತೆ ಹಚ್ಚಿದ್ದು ಸೋನಾರಿನ ನೆರವಿನಿಂದಲೇ. ಟ್ರಾಲ್ ಬೋಟಿನವರಿಗೆ ಮೀನೆಷ್ಟು ಮುಖ್ಯವೋ ತಳವೂ ಅಷ್ಟೇ ಮುಖ್ಯ. ಬಲೆ ತಳವನ್ನು ಸವರಿಕೊಂಡು ಹೋಗುವಾಗ ಎದುರಿಗೆ ಕಲ್ಲು ಬಂದರೆ ಬಲೆ ಹರಿದು ಚಿಂದಿಯಾಗುತ್ತದೆ. ಹತ್ತು ದಿನಗಳ ಡೀಸೆಲು, ಐಸು, ಆಳುಗಳ ಬೆವರು ಎಲ್ಲವೂ ನೀರುಪಾಲು.

ಪರದೆಯ ಮೇಲೆ ಕಾಣುವುದನ್ನು ಸುಮ್ಮನೆ ನೋಡುತ್ತ ಕುಳಿತರೆ ಸಾಲದು. ಆಳ ಬದಲಾದಂತೆ ‘ರೇಂಜ್’ ಬದಲಿಸಬೇಕು. ‘ಗೇನ್’ ಎಂಬುದೊಂದುಂಟು, ರೇಡಿಯೋದ ದನಿಯನ್ನು ಏರಿಸಿ ಇಳಿಸಿದ ಹಾಗೆ: ಹೆಚ್ಚಾದರೆ ಪರದೆಯ ತುಂಬ ಸಾಸಿವೆ ಚೆಲ್ಲಿದಂತೆ ಚುಕ್ಕೆಗಳು, ಕಡಿಮೆಯಾದರೆ ಮೀನೇ ಮಾಯ. ಒಳ್ಳೆಯ ಜಾಗ ಸಿಕ್ಕಾಗ, ಕಲ್ಲು ಕಂಡಾಗ ಅದರ ಸ್ಥಾನವನ್ನು ಗುರುತು ಹಾಕಬೇಕು. ಹೀಗೆ ರಾತ್ರಿ ಹಗಲೆನ್ನದೆ ತಾಂಡೇಲನ ಒಂದು ಕೈ ಚುಕ್ಕಾಣಿಯಲ್ಲಿದ್ದರೆ ಇನ್ನೊಂದು ಕೈ ಯಂತ್ರದ ಮೇಲೆ. ಆದ್ದರಿಂದಲೇ ಗಾಜೋ ಗುಂಡಿಯೋ ಎಂಬ ಪ್ರಶ್ನೆ ತಂದೆ ಮಕ್ಕಳ ನಡುವೆ ಊಟದೆಲೆಯ ಮುಂದೆಯೂ ಎದ್ದುಬಂದಿದ್ದು.

ಅಂಗಡಿಯಲ್ಲಿ ನೆಲ ಅಲ್ಲಾಡುವುದಿಲ್ಲ

ನಮ್ಮ ಕರಾವಳಿಯಲ್ಲಿ ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮೀನು ಮರಿಮಾಡುವ ಕಾಲ, ಜೊತೆಗೆ ಮುಂಗಾರಿನ ಅಬ್ಬರ. ಬಲೆ ಹೆಣೆಯುವುದು, ಎಂಜಿನ್ ಬಿಚ್ಚುವುದು, ಬಣ್ಣ ಬಳಿಯುವುದು, ಕೊಳ್ಳತಕ್ಕದ್ದನ್ನು ಕೊಳ್ಳುವುದು ಎಲ್ಲವೂ ಈ ಎರಡು ತಿಂಗಳಲ್ಲೇ. ಒಂದು ಭಾನುವಾರ ನಾವು ಮೂವರೂ ಬೋಟಿನ ಸಾಮಾನು ಮಾರುವ ಅಂಗಡಿಗೆ ಹೋದೆವು.

ಗಾಜಿನ ಯಂತ್ರ ನೋಡಲು ನಿಜಕ್ಕೂ ರಮ್ಯವಾಗಿತ್ತು. ಶಿಷ್ಯ ಅದರ ಮೇಲೆ ಬೆರಳಾಡಿಸಿದ. ಕಾರವಾರದಿಂದ ಮಂಗಳೂರಿನವರೆಗಿನ ಕಡಲ ನಕ್ಷೆ ಹಾಳೆಯಂತೆ ಸರಿಯಿತು. ಎರಡು ಬೆರಳು ಅಗಲಿಸಿದ. ಮಲ್ಪೆಯ ಅಳಿವೆ ಪರದೆಯ ತುಂಬ ಹರಡಿಕೊಂಡಿತು. ಗುಂಡಿಯ ಯಂತ್ರದಲ್ಲಿ ಇದೇ ಕೆಲಸಕ್ಕೆ ಬಾಣದ ಗುರುತನ್ನು ಇಪ್ಪತ್ತು ಸಲ ಒತ್ತಬೇಕು. ಶಿಷ್ಯನ ವಾದ ಇನ್ನೂ ಇತ್ತು: “ಗುಂಡಿಯ ಸುತ್ತಲಿನ ರಬ್ಬರು ಉಪ್ಪಿಗೆ ಬಿರಿಯುತ್ತದೆ ಸರ್. ಒಳಗೆ ನೀರಿಳಿಯುತ್ತದೆ. ನಮ್ಮ ಹಳೆಯದರಲ್ಲಿ ಆಗಿದ್ದೂ ಅದೇ. ಗಾಜಿನಲ್ಲಿ ಸವೆಯುವುದಕ್ಕೆ ಏನಿದೆ? ಗುಂಡಿಗಳಿಗೆ ಕೊಡುವ ಜಾಗವನ್ನೂ ಪರದೆಗೇ ಕೊಡಬಹುದಲ್ಲ?” ಇದೊಂದೂ ಸುಳ್ಳಲ್ಲ. ನಾನು ಮನಸ್ಸಿನಲ್ಲೇ ಅವನ ಪಕ್ಷಕ್ಕೆ ಸೇರಿಬಿಟ್ಟೆನೆಂದು ಒಪ್ಪಿಕೊಳ್ಳುತ್ತೇನೆ. ನಮ್ಮ ಮನೆಯ ಒಲೆ ಆಗ ನೆನಪಿಗೆ ಬರಲಿಲ್ಲ.

ತಾಂಡೇಲರು ಮಾತನಾಡದೆ ನೋಡುತ್ತಿದ್ದರು. ಹೊರಗೆ ಬಂದ ಮೇಲೆ, “ಚೆಂದ ಉಂಟು ಮಾಷ್ಟ್ರೇ. ಆದರೆ ಅಂಗಡಿಯಲ್ಲಿ ನೆಲ ಅಲ್ಲಾಡುವುದಿಲ್ಲ, ಕೈಯೂ ಒದ್ದೆ ಇರುವುದಿಲ್ಲ” ಎಂದರು. ನಮ್ಮನ್ನು ನೇರವಾಗಿ ದಕ್ಕೆಗೆ ಕರೆದೊಯ್ದರು. ಅವರ ಗೆಳೆಯರೊಬ್ಬರ ಬೋಟಿನಲ್ಲಿ ಅಂಥದೇ ಗಾಜಿನ ಯಂತ್ರವಿತ್ತು. ಒಂದಕ್ಕೊಂದು ಒತ್ತಿಕೊಂಡು ನಿಂತ ಬೋಟುಗಳನ್ನು ದಾಟುತ್ತ ಅಲ್ಲಿಗೆ ತಲುಪುವಷ್ಟರಲ್ಲಿ ಈ ಬಯಲುಸೀಮೆಯ ಮಾಸ್ತರನ ಧೋತರದ ಅಂಚು ಎರಡು ಕಡೆ ಹರಿದಿತ್ತು ಎಂಬುದು ಬೇರೆ ಮಾತು.

ಚುಕ್ಕಾಣಿ ಕೋಣೆಯಲ್ಲಿ ತಾಂಡೇಲರು ಯಂತ್ರವನ್ನು ಹಚ್ಚಿಸಿದರು. ಹಗ್ಗ ಕಟ್ಟಿದ ಬಕೆಟಿನಿಂದ ಉಪ್ಪುನೀರನ್ನು ಸೇದಿ, ಕೈಯನ್ನು ಅದರಲ್ಲಿ ಅದ್ದಿ, ನಾಲ್ಕು ಹನಿಗಳನ್ನು ಗಾಜಿಗೆ ಚಿಮುಕಿಸಿದರು. ನಕ್ಷೆ ತಾನಾಗಿ ಅತ್ತಿತ್ತ ಹಾರಿತು. ಕೇಳದ ಪಟ್ಟಿಯೊಂದು ತೆರೆದುಕೊಂಡಿತು. ಶಿಷ್ಯ ಒದ್ದೆ ಬೆರಳಿನಿಂದ ಅದನ್ನು ಮುಚ್ಚಹೋದರೆ ಇನ್ನೊಂದು ತೆರೆಯಿತು.

ಇದರ ಕಾರಣ ಸರಳ. ಈ ಗಾಜಿನ ಹಿಂದೆ ವಿದ್ಯುತ್ತು ಹರಿಯುವ ಪಾರದರ್ಶಕವಾದ ತೆಳು ಲೇಪವಿರುತ್ತದೆ. ನಮ್ಮ ಬೆರಳು ತಾಗಿದಾಗ ಅಲ್ಲಿಯ ವಿದ್ಯುದಂಶ ತುಸು ಏರುಪೇರಾಗುತ್ತದೆ. ಯಂತ್ರ ಅದನ್ನೇ ಸ್ಪರ್ಶವೆಂದು ತಿಳಿಯುತ್ತದೆ. ಉಪ್ಪುನೀರೂ ವಿದ್ಯುದ್ವಾಹಕವೇ ಆದ್ದರಿಂದ ಹನಿಗೂ ಬೆರಳಿಗೂ ವ್ಯತ್ಯಾಸವನ್ನು ಗುರುತಿಸಲು ಅದು ತಿಣುಕುತ್ತದೆ. ದಪ್ಪನೆಯ ರಬ್ಬರಿನ ಕೈಗವಸು ತೊಟ್ಟರೆ ಇದರ ವಿರುದ್ಧ: ಎಷ್ಟು ಒತ್ತಿದರೂ ಅದಕ್ಕೆ ಅರಿವೇ ಆಗುವುದಿಲ್ಲ. ಈಚಿನ ಯಂತ್ರಗಳಲ್ಲಿ ಹನಿಗಳನ್ನು ಕಡೆಗಣಿಸುವ ಜಾಣ್ಮೆಯನ್ನು ಅಳವಡಿಸುತ್ತಿದ್ದಾರೆಂಬುದು ನಿಜ. ಅದರಿಂದ ತೊಂದರೆ ಕಡಿಮೆಯಾಗಿದೆಯೇ ಹೊರತು ನಿರ್ಮೂಲವಾಗಿಲ್ಲ. ಬೆರಳು ಮುಟ್ಟುವ ಈ ಬಗೆಯ ಪರದೆಯನ್ನು 1965ರಲ್ಲಿ ಮೊದಲು ವಿವರಿಸಿದವನು ಇಂಗ್ಲೆಂಡಿನ ರಾಡಾರ್ ಸಂಶೋಧನಾಲಯದ ಇ.ಎ. ಜಾನ್ಸನ್. ಆತನ ಕಣ್ಣ ಮುಂದಿದ್ದವರು ವಿಮಾನಗಳ ಸಂಚಾರವನ್ನು ನಿಯಂತ್ರಿಸುವವರು. ಒಣಗಿದ, ಅಲುಗದ ಕೋಣೆಯಲ್ಲಿ ಕುರ್ಚಿಯ ಮೇಲೆ ಕುಳಿತವರು.

“ಈಗ ಕಣ್ಣು ಮುಚ್ಚು ಮಾರಾಯ. ಗೇನ್ ಎಲ್ಲುಂಟು, ಮುಟ್ಟಿ ತೋರಿಸು” ಎಂದರು ತಾಂಡೇಲರು. ಶಿಷ್ಯ ಕಣ್ಣು ಮುಚ್ಚಿ ಕೈ ಚಾಚಿದ. ಬೆರಳು ನುಣುಪಾದ ಗಾಜಿನ ಮೇಲೆ ಜಾರಾಡಿ, ಎಲ್ಲಿಯೋ ತಾಗಿ, ಯಂತ್ರ ಕೀಚೆಂದಿತು. ನಮ್ಮ ಒಲೆಯ ದನಿಯೇ! ನನಗೆ ನಗು ಬಂತು, ಶಿಷ್ಯನಿಗೆ ಬರಲಿಲ್ಲ.

ಹತ್ತು ನಾವಿಕರು

ಇದು ಮುದಿಗಣ್ಣಿನ ತಾಂಡೇಲನೊಬ್ಬನ ಹಠವೆಂದು ಯಾರಾದರೂ ಭಾವಿಸುವುದಾದರೆ, ಅಮೆರಿಕದ ನೌಕಾಪಡೆಯೂ ಅದೇ ಹಠವನ್ನು ಹಿಡಿದಿದೆಯೆಂದು ಹೇಳಬೇಕಾಗುತ್ತದೆ. 2017ರ ಆಗಸ್ಟ್ 21ರ ಬೆಳಗಿನ ಜಾವ ಅವರ ‘ಜಾನ್ ಎಸ್. ಮೆಕೇನ್’ ಎಂಬ ಯುದ್ಧನೌಕೆ ಸಿಂಗಪುರದ ಸಮೀಪ ‘ಆಲ್ನಿಕ್ ಎಂಸಿ’ ಎಂಬ ತೈಲವಾಹಕ ಹಡಗಿಗೆ ಡಿಕ್ಕಿಯಾಯಿತು. ಹತ್ತು ನಾವಿಕರು ಮೃತರಾದರು. ಆ ನೌಕೆಯಲ್ಲಿ ಚುಕ್ಕಾಣಿಯನ್ನೂ ವೇಗವನ್ನೂ ಹಿಡಿತದಲ್ಲಿಡುವ ವ್ಯವಸ್ಥೆ ಟಚ್ ಸ್ಕ್ರೀನಿನ ಮೇಲಿತ್ತು. ವೇಗದ ನಿಯಂತ್ರಣವನ್ನು ಒಂದು ಪರದೆಯಿಂದ ಇನ್ನೊಂದಕ್ಕೆ ವರ್ಗಾಯಿಸುವ ಗಡಿಬಿಡಿಯಲ್ಲಿ ಎಡಗಡೆಯ ಯಂತ್ರದ ವೇಗ ಮಾತ್ರ ತಗ್ಗಿತು, ಬಲಗಡೆಯದು ಹಾಗೆಯೇ ಉಳಿಯಿತು. ನೌಕೆ ಎಡಕ್ಕೆ ಹೊರಳಿ ತೈಲವಾಹಕದ ದಾರಿಗೆ ಅಡ್ಡ ಬಂತು. ಏನಾಗುತ್ತಿದೆಯೆಂದು ಅಲ್ಲಿದ್ದವರಿಗೆ ತಿಳಿಯುವಷ್ಟರಲ್ಲಿ ಕಾಲ ಮೀರಿತ್ತು.

ಲೋಹದ ಎರಡು ಹಿಡಿಗಳಿದ್ದಿದ್ದರೆ? ಒಂದು ಹಿಂದಕ್ಕೂ ಒಂದು ಮುಂದಕ್ಕೂ ಇರುವುದು ಕೈಗೇ ತಿಳಿಯುತ್ತಿತ್ತು. ತಪ್ಪೆಲ್ಲ ಪರದೆಯದೇ ಎನ್ನುವುದು ನ್ಯಾಯವಲ್ಲ. ತರಬೇತಿಯ ಕೊರತೆ, ನಿದ್ದೆಗೆಟ್ಟ ದಣಿವು ಇವೂ ಕಾರಣವೆಂದು ವಿಚಾರಣೆ ಹೇಳಿತು. ಆದರೂ 2019ರಲ್ಲಿ ಆ ನೌಕಾಪಡೆ ತನ್ನ ಯುದ್ಧನೌಕೆಗಳಲ್ಲಿ ವೇಗನಿಯಂತ್ರಣಕ್ಕೆ ಪುನಃ ಹಿಡಿಗಳನ್ನೇ ಅಳವಡಿಸುವುದಾಗಿ ಪ್ರಕಟಿಸಿತು. ನಾವಿಕರನ್ನು ಕೇಳಿದಾಗ ಅವರೂ ಬಯಸಿದ್ದು ಅದನ್ನೇ.

ನೆಲದ ಮೇಲೂ ಇದೇ ಗಾಳಿ ಬೀಸುತ್ತಿದೆ. ಸ್ವೀಡನ್ನಿನ ಕಾರು ಪತ್ರಿಕೆಯೊಂದು 2022ರಲ್ಲಿ ಹಲವು ಕಾರುಗಳನ್ನು ಪರೀಕ್ಷೆಗೊಡ್ಡಿತು. ಓಡುತ್ತಿರುವಾಗಲೇ ನಾಲ್ಕು ಸಣ್ಣ ಕೆಲಸಗಳನ್ನು ಮಾಡಿ ಮುಗಿಸಬೇಕು. ಗುಂಡಿಗಳುಳ್ಳ ಹದಿನೇಳು ವರ್ಷದ ಹಳೆಯ ವೋಲ್ವೋದಲ್ಲಿ ಅವು 10 ಸೆಕೆಂಡಿನಲ್ಲಿ ಮುಗಿದವು. ಪರದೆಯನ್ನೇ ನೆಚ್ಚಿದ ಹೊಸ ಕಾರುಗಳಲ್ಲಿ ಅತಿ ಹಿಂದುಳಿದದ್ದಕ್ಕೆ ಅದರ ನಾಲ್ಕು ಪಟ್ಟಿಗೂ ಹೆಚ್ಚು ಹೊತ್ತು ಹಿಡಿಯಿತು. ಕಾರುಗಳ ಸುರಕ್ಷತೆಗೆ ಅಂಕ ಕೊಡುವ ಯೂರೋ ಎನ್‌ಕ್ಯಾಪ್ ಸಂಸ್ಥೆ 2026ರ ತನ್ನ ನಿಯಮಗಳಲ್ಲಿ ಹಾರ್ನ್, ವೈಪರ್, ತಿರುವಿನ ದೀಪ ಮೊದಲಾದವಕ್ಕೆ ಕೈಗೆ ಸಿಗುವ ಗುಂಡಿಯಿದ್ದರೇ ಪೂರ್ಣ ಮನ್ನಣೆಯೆಂದಿದೆ.

ಈ ಎಲ್ಲವನ್ನೂ ನಾನು ತಂದೆ ಮಗನಿಗೆ ವಿವರಿಸಿದಾಗ ತಾಂಡೇಲರು ಗೆದ್ದವರಂತೆ ಹಿಗ್ಗಲಿಲ್ಲ. “ಆ ಹತ್ತು ಜನ ಪಾಪ, ಮಕ್ಕಳಿದ್ದಿರಬಹುದು” ಎಂದಷ್ಟೇ ಅಂದರು.

ಕೈಯ ಅಕ್ಷರಾಭ್ಯಾಸ

ಇಷ್ಟರಿಂದ ಗುಂಡಿಯ ಪಕ್ಷ ಗೆದ್ದಿತೆಂದು ಬರೆದುಬಿಟ್ಟರೆ ಶಿಷ್ಯನಿಗೆ ಅನ್ಯಾಯವಾಗುತ್ತದೆ. ಒಂದು ಸಂಜೆ ಅವರ ಮನೆಯಲ್ಲಿ ತಾಂಡೇಲರು ನನಗೊಂದು ಹಳೆಯ ಲೆಕ್ಕದ ಪುಸ್ತಕವನ್ನು ತೋರಿಸಿದರು. ಹದಿನೈದು ವರ್ಷಗಳಲ್ಲಿ ತಾವು ಕಂಡ ಕಲ್ಲುಗಳು, ಮುಳುಗಿದ ಬೋಟುಗಳು, ಬೊಂಡಾಸು ದೊರೆತ ಜಾಗಗಳು, ಎಲ್ಲದರ ಅಕ್ಷಾಂಶ ರೇಖಾಂಶಗಳು ಅದರಲ್ಲಿ ಕನ್ನಡ ಅಂಕಿಗಳಲ್ಲಿ ಸಾಲಾಗಿ ಕುಳಿತಿದ್ದವು. ಪಕ್ಕದಲ್ಲಿ ‘ಬಲೆ ತಿಂದ ಕಲ್ಲು’, ‘ಭಾವ ತೋರಿಸಿದ್ದು’ ಎಂಬಂಥ ಹೆಸರುಗಳು. ಅದು ಅವರ ಆಸ್ತಿಪತ್ರ. ಹಳೆಯ ಯಂತ್ರ ಕೆಟ್ಟುಹೋದುದರಿಂದ ಎಲ್ಲವನ್ನೂ ಹೊಸತಕ್ಕೆ ಮತ್ತೆ ತುಂಬಬೇಕು. ಗುಂಡಿಯ ಯಂತ್ರದಲ್ಲಾದರೆ ಒಂದೊಂದು ಅಂಕಿಗೂ ಮೇಲೆ ಕೆಳಗೆ ಒತ್ತಿ ಒತ್ತಿ ವಾರಗಟ್ಟಲೆ ಹಿಡಿಯುವ ಕೆಲಸ. ಗಾಜಿನಲ್ಲಿ ಶಿಷ್ಯ ಅದನ್ನು ಎರಡು ಮಧ್ಯಾಹ್ನಗಳಲ್ಲಿ ಮುಗಿಸಬಲ್ಲ. ಬಿಡುವಾಗಿ ಕುಳಿತು, ಒಣಗಿದ ಕೈಯಿಂದ, ಕಣ್ಣಿಟ್ಟು ಮಾಡುವ ಕೆಲಸದಲ್ಲಿ ಗಾಜಿಗೆ ಸಮನಾದುದಿಲ್ಲ.

ಆದರೆ ಆ ಪುಸ್ತಕ ನನಗೆ ಇನ್ನೊಂದನ್ನೂ ತಿಳಿಸಿತು. ತಾಂಡೇಲರಿಗೆ ಇಂಗ್ಲಿಷ್ ಓದಲು ಬಾರದು. ನಾವು ಅಂಗಡಿಯಲ್ಲಿ ಕಂಡ ಯಂತ್ರಗಳ ಭಾಷೆಗಳ ಪಟ್ಟಿಯಲ್ಲಿ ಕನ್ನಡವಿರಲಿಲ್ಲ. ಹಾಗಾದರೆ ಇಷ್ಟು ವರ್ಷ ಹಳೆಯ ಯಂತ್ರವನ್ನು ಹೇಗೆ ನಡೆಸಿದರು?

“ಮೇಲಿನ ಗುಂಡಿ ಒಂದು ಸಲ, ಕೆಳಗೆ ಮೂರು ಸಲ, ಬಲಕ್ಕೆ ಒಂದು. ಅದು ಆಳಕ್ಕೆ. ಕೆಳಗೆ ಐದು, ಬಲಕ್ಕೆ ಎರಡು. ಅದು ಬಣ್ಣಕ್ಕೆ” ಎಂದು ಗಾಳಿಯಲ್ಲೇ ಬೆರಳಾಡಿಸಿ ತೋರಿಸಿದರು. ಮಗ್ಗಿಯನ್ನು ಒಪ್ಪಿಸಿದ ಹಾಗೆ. ಗುಂಡಿಗಳ ಸ್ಥಾನವೇ ಅವರಿಗೆ ಲಿಪಿ, ಎಣಿಕೆಯೇ ವ್ಯಾಕರಣ. ಗಾಜಿನ ಮೇಲೆ ಪಟ್ಟಿಗಳು ಮೂಡುತ್ತವೆ, ಮಾಯವಾಗುತ್ತವೆ. ಹೊಸ ತಂತ್ರಾಂಶ ಬಂದ ದಿನ ಜಾಗವನ್ನೂ ಬದಲಿಸಿಕೊಳ್ಳುತ್ತವೆ. ಓದಬಲ್ಲವನಿಗೆ ಅದು ಚಿಂತೆಯಲ್ಲ. ಕೈಯಿಂದ ಕಲಿತವನಿಗೆ ಪುಸ್ತಕದ ಪುಟಗಳನ್ನೆಲ್ಲ ಯಾರೋ ಕಿತ್ತು ಬೇರೆ ಕ್ರಮದಲ್ಲಿ ಹೊಲಿದಂತೆ.

ಆಗ ನನಗೆ ನೆನಪಾದದ್ದು ಯಲ್ಲದಕೆರೆಯ ನಮ್ಮ ತೋಟ. ನಾನು ಹುಡುಗನಾಗಿದ್ದಾಗ ಮೂರು ಫೇಸಿನ ವಿದ್ಯುತ್ತು ಬರುತ್ತಿದ್ದುದೇ ಅಪರಾತ್ರಿಯಲ್ಲಿ. ತಂದೆಯವರು ಕಂಬಳಿ ಹೊದ್ದು ಹೋಗುತ್ತಿದ್ದರು. ಕೆಲವೊಮ್ಮೆ ನಾನೂ ಹಿಂದೆ ಹೋಗುತ್ತಿದ್ದೆ. ಪಂಪುಮನೆಯೊಳಗೆ ಕಗ್ಗತ್ತಲು. ಬ್ಯಾಟರಿಯ ಬೆಳಕನ್ನು ಅವರು ಹಾವು ಹುಳುವಿಗಾಗಿ ನೆಲದ ಮೇಲೆಯೇ ಹಾಯಿಸುತ್ತಿದ್ದರು. ಗೋಡೆಯ ಕಡೆಗೆ ತಿರುಗಿಸುತ್ತಿರಲಿಲ್ಲ. ಕೈ ತಾನಾಗಿ ಸ್ಟಾರ್ಟರಿನ ಮೇಲಕ್ಕೆ ಹೋಗಿ ಹಸಿರು ಗುಂಡಿಯನ್ನು ಒತ್ತುತ್ತಿತ್ತು. ಅದು ಹಸಿರೆಂಬುದು ಆ ಕತ್ತಲಲ್ಲಿ ಯಾರಿಗೆ ಬೇಕಿತ್ತು? ಅಮ್ಮನೂ ಅಪ್ಪ ಊರಲ್ಲಿಲ್ಲದಾಗ ಅದನ್ನು ಹಾಗೆಯೇ ಒತ್ತಿದವರು. ಒಲೆಯ ಮುಂದೆ ನಿಂತು ಅವರು ಆಡಿದ್ದು ಬರಿಯ ಗೊಣಗಾಟವಲ್ಲವೆಂಬುದು ನನಗೆ ಅರಿವಾದದ್ದು ಮಲ್ಪೆಯ ಈ ಮನೆಯ ಜಗಲಿಯಲ್ಲಿ.

ನಾನು ಇದನ್ನು ಹೇಳಿದಾಗ ತಾಂಡೇಲರು ತಲೆದೂಗಿದರು. ಸ್ವಲ್ಪ ಹೊತ್ತಿನ ಮೇಲೆ, ಮಗನಿಗೂ ಇದುವರೆಗೆ ಪೂರ್ತಿಯಾಗಿ ತಿಳಿಸದ ಒಂದು ಸಂಗತಿಯನ್ನು ಹೇಳಿದರು.

ಕೆಲವು ವರ್ಷಗಳ ಹಿಂದೆ, ಚಳಿಗಾಲದ ಒಂದು ರಾತ್ರಿ, ಬಲೆ ಎಳೆಯುವಾಗ ಹಗ್ಗ ಕಾಲಿಗೆ ತೊಡರಿ ಒಬ್ಬ ಕಲಾಸಿ ನೀರಿಗೆ ಬಿದ್ದ. ದೀಪದ ಬೆಳಕು ನಾಲ್ಕು ಮಾರು ದೂರ ಮಾತ್ರ. ಬೋಟು ಚಲಿಸುತ್ತಿದೆ, ಹಿಂದೆ ಬಲೆಯ ಭಾರ, ಥಟ್ಟನೆ ತಿರುಗಿಸುವಂತಿಲ್ಲ. “ಕಣ್ಣು ಅವನ ತಲೆಯ ಮೇಲಿಂದ ತೆಗೆದೆನೋ, ಮುಗಿಯಿತು ಮಾಷ್ಟ್ರೇ. ಅಲೆಯ ನಡುವೆ ತಲೆ ತೆಂಗಿನಕಾಯಿಯಷ್ಟು ಕಾಣುವುದು. ಒಮ್ಮೆ ತಪ್ಪಿದರೆ ಮತ್ತೆ ಸಿಗುವುದಿಲ್ಲ. ಕಣ್ಣು ಅಲ್ಲೇ ಇತ್ತು. ಕೈ ಹಿಂದೆ ಹೋಗಿ ಗುಂಡಿ ಹುಡುಕಿಕೊಂಡಿತು.”

ಆ ಗುಂಡಿಯ ಮೇಲೆ ಎಂ.ಓ.ಬಿ. ಎಂಬ ಮೂರು ಇಂಗ್ಲಿಷ್ ಅಕ್ಷರಗಳಿರುತ್ತವೆ. ಮನುಷ್ಯ ನೀರಿಗೆ ಬಿದ್ದನೆಂದು ಅರ್ಥ. ಒತ್ತಿ ಹಿಡಿದರೆ ಆ ಕ್ಷಣದ ಸ್ಥಾನ ಯಂತ್ರದಲ್ಲಿ ದಾಖಲಾಗಿ, ಅಲ್ಲಿಗೆ ಮರಳುವ ದಾರಿ ಪರದೆಯ ಮೇಲೆ ಮೂಡುತ್ತದೆ. ಆ ಅಕ್ಷರಗಳನ್ನು ಓದಲಾರದ ತಾಂಡೇಲರು ಎಡಗಡೆಯ ಕೊನೆಯ ಗುಂಡಿಯೆಂದು ಬಲ್ಲರು. ಬೋಟು ಸುತ್ತು ಹಾಕಿ ಅಲ್ಲಿಗೆ ಮರಳುವಷ್ಟರಲ್ಲಿ ಆ ತಲೆ ಎರಡು ಸಲ ಕಣ್ಣಿಗೆ ತಪ್ಪಿತ್ತು. ಯಂತ್ರದ ಗುರುತು ತಪ್ಪಲಿಲ್ಲ. ಆ ಕಲಾಸಿ ಬದುಕಿದ. ಈಗಲೂ ಅದೇ ಬೋಟಿನಲ್ಲಿದ್ದಾನೆ. ನಮಗೆ ಚಹಾ ತಂದುಕೊಟ್ಟವನು ಅವನೇ ಎಂಬುದು ಆಮೇಲೆ ತಿಳಿಯಿತು.

ಶಿಷ್ಯ ತುಂಬ ಹೊತ್ತು ಮಾತನಾಡಲಿಲ್ಲ. ಆಮೇಲೆ ತಂದೆಗೆ ತುಳುವಿನಲ್ಲಿ ಏನನ್ನೋ ಕೇಳಿದ. ಬಿದ್ದವನು ಹಗ್ಗ ಹಿಡಿದ ಬಳಿಕ ಮೊದಲು ಏನೆಂದನೆಂದು ಕೇಳಿದನಂತೆ. ಏನೂ ಅನ್ನಲಿಲ್ಲ, ಅತ್ತ ಎಂದು ಉತ್ತರ.

ಕೊನೆಗೆ ಅವರು ಕೊಂಡದ್ದು ಎರಡೂ ಇರುವ ಯಂತ್ರವನ್ನು. ಲೋರೆನ್ಸ್, ರೇಮರೀನ್ ಮೊದಲಾದ ಕಂಪನಿಗಳು ಗಾಜನ್ನೂ ಗುಂಡಿಯನ್ನೂ ಒಟ್ಟಿಗೆ ಇಟ್ಟು ಯಂತ್ರಗಳನ್ನು ಮಾಡಿವೆ. ಬೇಡವೆನಿಸಿದಾಗ ಗಾಜಿಗೆ ಬೀಗ ಹಾಕಿ ಗುಂಡಿಗಳಿಂದಲೇ ನಡೆಸಬಹುದು. ಬೆಲೆ ಮಾತ್ರ ಇಬ್ಬರೂ ಎಣಿಸಿದ್ದಕ್ಕಿಂತ ಹೆಚ್ಚು. ಶಿಷ್ಯ ಆಸೆಪಟ್ಟಿದ್ದಕ್ಕಿಂತ ಚಿಕ್ಕ ಪರದೆಗೆ ಒಪ್ಪಿಕೊಂಡ. ತಾಂಡೇಲರು ಚುಕ್ಕಾಣಿ ಕೋಣೆಯ ಹೊಸ ಹಲಗೆಯ ಕೆಲಸವನ್ನು ಮುಂದಿನ ವರ್ಷಕ್ಕೆ ತಳ್ಳಿದರು. ನನ್ನ ಪಂಚಾಯಿತಿಯಿಂದ ಯಾರಿಗೂ ಪೂರ್ಣ ಸಂತೋಷವಾಗಲಿಲ್ಲ. ಕೊಳ್ಳುವ ಮುನ್ನ ತಾಂಡೇಲರು ಅಂಗಡಿಯವರನ್ನು ಕೇಳಿದ ಪ್ರಶ್ನೆ ಒಂದೇ: “ಗಾಜಿಗೆ ಬೀಗ ಹಾಕಿದಾಗಲೂ ಎಂ.ಓ.ಬಿ. ಗುಂಡಿ ಕೆಲಸ ಮಾಡುತ್ತದಾ?” ಮಾಡುತ್ತದೆಂದು ಅಂಗಡಿಯವರು ಹೇಳಿದರು, ಆದರೂ ಅವರೆದುರಿಗೇ ಮೂರು ಸಲ ಒತ್ತಿ ನೋಡಿದ ಮೇಲೆಯೇ ಹಣ ಎಣಿಸಿದ್ದು. ಇಂಥದೊಂದನ್ನು ಕೊಳ್ಳಹೊರಟ ಯಾರಾದರೂ ಈ ಮೂರು ಸಲದ ಪರೀಕ್ಷೆಯನ್ನು ಬಿಡಬಾರದೆಂದು ನನ್ನ ವಿನಂತಿ.

ಜುಲೈ ಕೊನೆಯ ವಾರ ಅಮ್ಮನನ್ನು ಊರಿಗೆ ಕಳುಹಿಸಿ, ಸಂಜೆ ದಕ್ಕೆಯ ಕಡೆಗೆ ಹೋದೆ. ಮಳೆ ತುಂತುರಾಗಿತ್ತು. ಬೋಟುಗಳ ಮೇಲೆಲ್ಲ ಹೊಸ ಬಣ್ಣದ ವಾಸನೆ, ಬಲೆಗಳ ರಾಶಿ, ಐಸಿನ ಲಾರಿಗಳ ಗದ್ದಲ. ನಮ್ಮವರ ಚುಕ್ಕಾಣಿ ಕೋಣೆಯಲ್ಲಿ ಶಿಷ್ಯ ಚಕ್ರದ ಮುಂದೆ ನಿಂತಿದ್ದ. ಯಂತ್ರದ ಪರದೆಯ ಮೇಲೆ ಒಂದು ಟವಲು ಹೊದಿಸಿತ್ತು. ಗುಂಡಿಗಳ ಸಾಲು ಮಾತ್ರ ಹೊರಗೆ. ಅವನ ದೃಷ್ಟಿ ಕಿಟಕಿಯಾಚೆ ಅಳಿವೆಯ ಕಡೆ ನೆಟ್ಟಿತ್ತು. ತಾಂಡೇಲರು ಹಿಂದೆ ಡಬ್ಬವೊಂದರ ಮೇಲೆ ಕುಳಿತು ಬೀಡಿ ಸೇದುತ್ತ ಕೂಗುತ್ತಿದ್ದರು.

“ರೇಂಜ್!”

ಕೈ ಹೋಯಿತು. ಸರಿ.

“ಗೇನ್!”

ಸರಿ.

“ಎಂ.ಓ.ಬಿ.!”

ಬೆರಳು ಪಕ್ಕದ ಗುಂಡಿಯ ಮೇಲೆ ಬಿತ್ತು. ಶಿಷ್ಯ ನಾಲಗೆ ಕಚ್ಚಿಕೊಂಡ. ಚಹಾದ ಲೋಟಗಳನ್ನು ಹಿಡಿದು ಬಂದ ಕಲಾಸಿ ಬಾಗಿಲಲ್ಲೇ ನಿಂತು ನೋಡುತ್ತಿದ್ದ.

“ಇನ್ನೊಮ್ಮೆ” ಎಂದರು ತಾಂಡೇಲರು.